ಮುದ್ರೆಯಿಲ್ಲದ ಅಳತೆ

ಕಳೆದ ವಾರ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ದೇವನಹಳ್ಳಿಗೆ ಹೋಗಿದ್ದೆ. ಬೆಳಿಗ್ಗೆಯಿಂದ ಸೋನೆ ಹಿಡಿದಿತ್ತು. ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟ ಲ್ಯಾಬು ಹುಡುಕಿಕೊಂಡು ನಡೆದರೆ, ಅದು ಇದ್ದದ್ದು ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ನನಗೆ ಜಾಗದ ಗುರುತು ಸಿಕ್ಕಿಹೋಯಿತು. ವಾಪಸ್ ಹೋಗಿ ಬೇರೆ ಲ್ಯಾಬು ನೋಡಿಕೊಳ್ಳೋಣ ಅಂತಲೂ ಅನ್ನಿಸಿತು. ಆದರೆ ಖಾಲಿ ಹೊಟ್ಟೆ, ಮಳೆ, ಮಂಡಿ ನೋವು. ಗೊಣಗಿಕೊಂಡೇ ಹತ್ತಿದೆ.

ರಕ್ತ ಕೊಟ್ಟು, ಕೆಳಗೆ ಹೋಗಿ ಇಡ್ಲಿ ತಿಂದು ಬಂದು, ಎರಡನೆಯ ಸಲಕ್ಕೆ ಕಾಯುತ್ತ ಕೂತಿದ್ದೆ. ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಗಸು ಹಿಂದಿನ ದಿನದ ಫ್ಲಾಸ್ಕು ತೆಗೆದು, ಉಳಿದಿದ್ದ ಟೀ ಡಿಕಾಕ್ಷನ್ ಅನ್ನು ಬೇಸಿನ್ನಿಗೆ ಸುರಿದರು. ತಣ್ಣಗಾದ, ಸ್ವಲ್ಪ ಹುಳಿತ, ಒಗರು ವಾಸನೆ. ಬೇರೆಯವರಿಗೆ ಅದು ಹಳಸಿದ ಟೀ. ನನಗೆ ಅದು ವಿಸ್ಕಿ. ಆ ವಾಸನೆಗೆ ಒಂದು ಮಳೆಗಾಲ ಪೂರ್ತಿ ಎದ್ದು ಬಂತು, ಅದರ ಜೊತೆಗೆ ಆ ಮಳೆಗಾಲದ ಸಿಟ್ಟೂ ಬಂತು. ಆಗ ಆ ಸಿಟ್ಟನ್ನು ತೋರಿಸಬಾರದವರ ಮೇಲೆ ತೋರಿಸಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಆ ಮಹಡಿಯಲ್ಲಿ ಬಾರ್‌ಟೆಂಡಿಂಗ್ ಕಲಿಸುವ ಶಾಲೆಯಿತ್ತು, ನಾನು ಅದರ ಮೇಷ್ಟ್ರು. ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಮುತ್ತ ಹೋಟೆಲುಗಳು, ನಂದಿ ಬೆಟ್ಟದ ದಾರಿಯುದ್ದಕ್ಕೂ ರೆಸಾರ್ಟುಗಳು ಎದ್ದವು. ದ್ರಾಕ್ಷಿ ಚಪ್ಪರವಿದ್ದ ಕಡೆ ಈಜುಕೊಳ ಬಂತು. ಅಲ್ಲೆಲ್ಲ ಗ್ಲಾಸಿಗೆ ಅಳೆದು ಸುರಿಯುವ ಕೈಗಳು ಬೇಕಾಗಿದ್ದವು. ಸೈಟು ವ್ಯಾಪಾರದಲ್ಲಿದ್ದ ಒಬ್ಬರಿಗೆ ಇದು ಹೊಳೆದು, ಮಹಡಿ ಬಾಡಿಗೆಗೆ ಹಿಡಿದು, ಪ್ಲೈವುಡ್ಡಿನ ಒಂದು ಬಾರ್ ಕೌಂಟರು ಮಾಡಿಸಿ, ಮೂರು ತಿಂಗಳ ಕೋರ್ಸು ಅಂತ ಬೋರ್ಡು ಹಾಕಿಬಿಟ್ಟರು. ಲೈಸೆನ್ಸ್ ಇಲ್ಲದೆ ನಿಜವಾದ ಮದ್ಯ ಇಡುವ ಹಾಗಿರಲಿಲ್ಲ. ಹಾಗಾಗಿ ನಮ್ಮ ಬಾಟಲಿಗಳಲ್ಲಿ ವಿಸ್ಕಿ ಅಂದರೆ ಟೀ ಡಿಕಾಕ್ಷನ್, ವೋಡ್ಕಾ ಅಂದರೆ ನಲ್ಲಿ ನೀರು, ರಮ್ಮು ಅಂದರೆ ಬೆಲ್ಲದ ನೀರು. ರಮ್ಮಿನ ಬಾಟಲಿಗೆ ಇರುವೆ ಹತ್ತುತ್ತಿತ್ತು. ದಿನಾ ಬೆಳಿಗ್ಗೆ ಇರುವೆ ಕೊಡವಿ ಪಾಠ ಶುರು ಮಾಡುವ ಬಾರ್ ಮೇಷ್ಟ್ರು ಭೂಮಿಯ ಮೇಲೆ ನಾನೊಬ್ಬನೇ ಇದ್ದಿರಬೇಕು.

ನಮ್ಮದು ದೊಡ್ಡಬಳ್ಳಾಪುರ ಸೀಮೆಯ ಮಧುರೆ ಹತ್ತಿರದ ಬೇಸಾಯದ ಮನೆ. ಓದು ತಲೆಗೆ ಹತ್ತದೆ, ಹತ್ತೊಂಬತ್ತನೇ ವಯಸ್ಸಿಗೆ ನೆಲಮಂಗಲದ ಕಡೆ ಹೆದ್ದಾರಿಯ ಒಂದು ಬಾರಿನಲ್ಲಿ ಕೆಲಸಕ್ಕೆ ನಿಂತೆ. ಅಲ್ಲಿಯ ಯಜಮಾನರು ನನ್ನ ಕೈ ನೋಡಿ ಮೆಚ್ಚಿ, ನಾನು ಬೆಂಗಳೂರಿಗೆ ಹೊರಟಾಗ ಒಂದು ಸ್ಟೀಲಿನ ಪೆಗ್ ಮೆಷರು ಕೊಟ್ಟಿದ್ದರು. ಕಂಠದವರೆಗೆ ತುಂಬಿದರೆ ಮೂವತ್ತು ಎಂಎಲ್, ಅಂದರೆ ಒಂದು ಸಣ್ಣ ಪೆಗ್. ಆಮೇಲೆ ದೊಡ್ಡ ಹೋಟೆಲುಗಳಲ್ಲಿ ಇಪ್ಪತ್ತು ವರ್ಷ ಅದರಲ್ಲೇ ಅಳೆದೆ, ಅದರಿಂದಲೇ ನನ್ನ ಕೈ ಪಳಗಿತು. ಕಣ್ಣು ಮುಚ್ಚಿ ಬಾಟಲಿ ಬಗ್ಗಿಸಿ ಒನ್, ಟೂ, ತ್ರೀ, ಫೋರ್ ಎಣಿಸಿ ಎತ್ತಿದರೆ ಆ ಮೆಷರು ಕಂಠದವರೆಗೆ ತುಂಬಿ ನಿಲ್ಲುತ್ತಿತ್ತು, ಒಂದು ಹನಿ ಆಚೆ ಈಚೆ ಇಲ್ಲ. ಸ್ಟಾಕು ನೋಡಿದಾಗ ನನ್ನ ಕೌಂಟರಿನಲ್ಲಿ ಯಾವತ್ತೂ ಕಡಿಮೆ ಬಂದದ್ದಿಲ್ಲ, ಹೆಚ್ಚೇ ಇರುತ್ತಿತ್ತು. ಮ್ಯಾನೇಜರುಗಳು ಬೆನ್ನು ತಟ್ಟುತ್ತಿದ್ದರು. ಹೆಚ್ಚು ಯಾಕೆ ಬರುತ್ತದೆ ಅಂತ ಅವರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಶಾಲೆಗೆ ಮಾಲೀಕರು ತಂದಿಟ್ಟಿದ್ದ ತಗಡಿನ ಮೆಷರುಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಅವನ್ನೆಲ್ಲ ಡ್ರಾಯರಿಗೆ ಹಾಕಿ, ಪರೀಕ್ಷೆಗೆ ನನ್ನದೊಂದೇ ಅಂತ ನಿಯಮ ಮಾಡಿದ್ದೆ. ಕೈಯಲ್ಲಿ ಸುರಿಯಿರಿ, ನನ್ನ ಮೆಷರಿಗೆ ಬಗ್ಗಿಸಿ, ಕಂಠಕ್ಕೆ ಬಂದರೆ ಪಾಸು. ಕಡಿಮೆಯಾದರೂ ಫೇಲು, ಚೆಲ್ಲಿದರೂ ಫೇಲು.

ಆ ವರ್ಷ ಆಷಾಢದಲ್ಲಿ ಶುರುವಾದ ಬ್ಯಾಚಿನಲ್ಲಿ ಹನ್ನೆರಡು ಜನ. ಹತ್ತು ಮಂದಿ ಪಿಯುಸಿ, ಡಿಗ್ರಿ ಮುಗಿಸಿದ ಹುಡುಗರು, ಒಬ್ಬಳು ಹೊಸಕೋಟೆಯ ಹುಡುಗಿ, ಇನ್ನೊಬ್ಬರು ಭಾಗ್ಯಮ್ಮ. ವಯಸ್ಸು ಮೂವತ್ತಾರು, ಊರು ರಾಜಘಟ್ಟ. ಊರಿನ ಹಾಲಿನ ಡೈರಿಯಲ್ಲಿ ಹದಿನೈದು ವರ್ಷ ಹಾಲು ಅಳೆದವರು. ಅಲ್ಲಿಗೆ ಯಂತ್ರ ಬಂದು, ತೂಕ, ಹಾಲಿನ ಗಟ್ಟಿತನದ ಡಿಗ್ರಿ ಎಲ್ಲ ತಾನೇ ತೋರಿಸಿ ಚೀಟಿ ಹರಿದುಕೊಡಲು ಶುರು ಮಾಡಿದ ಮೇಲೆ ಭಾಗ್ಯಮ್ಮನ ಕೈಗೆ ಕೆಲಸವಿಲ್ಲದಂತಾಯಿತು. ಬಾರಿನಲ್ಲೂ ಅಳೆಯುವ ಕೆಲಸವೇ ಅಲ್ಲವೇ ಅಂತ ಬಂದು ಸೇರಿದ್ದರು. ಕಾಟನ್ ಸೀರೆ, ಎಣ್ಣೆ ಹಚ್ಚಿ ಬಿಗಿದ ಜಡೆ, ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಒಂದು ದಿನವೂ ತಡವಾಗದೆ ಬರುತ್ತಿದ್ದರು.

ಮೊದಲ ದಿನವೇ ನನ್ನ ಮೆಷರನ್ನು ಕೈಗೆ ತೆಗೆದುಕೊಂಡು ತಲೆಕೆಳಗು ಮಾಡಿ ನೋಡಿದರು. ಆಮೇಲೆ ಅಂಚು ನೋಡಿದರು, ಪಕ್ಕ ನೋಡಿದರು.

"ಏನು ಹುಡುಕ್ತಿದ್ದೀರಿ ಭಾಗ್ಯಮ್ಮ?" ಅಂದೆ.

"ಮುದ್ರೆ ಸಾರ್. ಇದಕ್ಕೆ ಮುದ್ರೆ ಎಲ್ಲೈತೆ?"

ಹುಡುಗರು ನಕ್ಕರು. ನಾನೂ ನಕ್ಕೆ. ಡೈರಿಯ ಅಳತೆಗಳಿಗೆ ತೂಕ ಮತ್ತು ಅಳತೆ ಇಲಾಖೆಯವರು ಬಂದು ಪರೀಕ್ಷೆ ಮಾಡಿ ಮುದ್ರೆ ಒತ್ತಿ ಹೋಗುತ್ತಾರೆ. ಮುದ್ರೆಯಿಲ್ಲದ ಪಾತ್ರೆಯಲ್ಲಿ ಅಳೆದರೆ ಹಾಲು ಹಾಕುವವರು ಜಗಳಕ್ಕೇ ಬರುತ್ತಾರಂತೆ. "ಇದು ಡೈರಿ ಅಲ್ಲಮ್ಮಾ. ಇಲ್ಲಿ ನಾನೇ ಮುದ್ರೆ," ಅಂದೆ. ಆ ಮಾತು ಆಡಿದಾಗ ನನಗೆ ಬಹಳ ಚೆನ್ನಾಗಿದೆ ಅನ್ನಿಸಿತ್ತು.

ಎರಡನೆಯ ವಾರ ಕೈಯಳತೆ, ಅಂದರೆ ಮೆಷರಿಲ್ಲದೆ ಎಣಿಸಿ ಸುರಿಯುವುದು, ಶುರುವಾಯಿತು. ಹುಡುಗರು ಕಡಿಮೆ, ಹೆಚ್ಚು, ಕಡಿಮೆ, ಹೆಚ್ಚು ಅಂತ ತಡಕಾಡಿದರು. ಅದು ಸಹಜ. ಭಾಗ್ಯಮ್ಮ ಬಾಟಲಿ ಹಿಡಿದದ್ದೇ ಬೇರೆ ಥರ. ಮಣಿಕಟ್ಟು ಗಟ್ಟಿ, ಉಸಿರು ನಿಧಾನ. ಬಗ್ಗಿಸುತ್ತ ಬಾಯಲ್ಲಿ ಮೆಲ್ಲಗೆ ಎಣಿಸಿದರು: "ಲಾಭ, ಎರಡು, ಮೂರು, ನಾಲ್ಕು."

ನನ್ನ ಮೈ ಜುಮ್ಮೆಂದಿತು. ಕಣದಲ್ಲಿ ರಾಗಿ ಅಳೆಯುವಾಗ ನಮ್ಮ ತಾತ ಹೀಗೇ ಎಣಿಸುತ್ತಿದ್ದರು. ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುವುದು. ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ಎಣಿಸಿ ಎಣಿಸಿ ನಾನು ಅದನ್ನು ಮರೆತೇಬಿಟ್ಟಿದ್ದೆ. ಖುಷಿಯಾಗಬೇಕಿತ್ತು. ಆದರೆ ಹುಡುಗರು ಮತ್ತೆ ನಗುತ್ತಿದ್ದರು, ನನಗೆ ಏನೋ ನನ್ನನ್ನೇ ನೋಡಿ ನಕ್ಕ ಹಾಗಾಗಿ ರೇಗಿತು. ಭಾಗ್ಯಮ್ಮ ಸುರಿದದ್ದನ್ನು ನನ್ನ ಮೆಷರಿಗೆ ಬಗ್ಗಿಸಿದೆ. ಕಂಠ ದಾಟಿ ಅರ್ಧ ಚಮಚದಷ್ಟು ಚೆಲ್ಲಿತು.

"ಜಾಸ್ತಿ," ಅಂದೆ.

ಮತ್ತೆ ಸುರಿದರು. ಮತ್ತೆ ಅಷ್ಟೇ ಚೆಲ್ಲಿತು. ಐದು ಸಲ ಮಾಡಿಸಿದೆ, ಐದು ಸಲವೂ ಅಷ್ಟೇ. ಒಂದು ಸಲವೂ ಕೈ ತಪ್ಪದೆ ಒಂದೇ ಸಮ ಚೆಲ್ಲುವ ಕೈಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆದದ್ದು ಬೇರೆಯದೇ.

"ನೋಡಿ ಭಾಗ್ಯಮ್ಮ, ನಿಮ್ಮ ಎಣಿಕೆ ಉದ್ದ. ಲಾಭ, ಎರಡು ಅಂತ ಎಳೆದುಕೊಂಡು ಕೂತ್ರೆ ಅಷ್ಟರಲ್ಲಿ ಇಷ್ಟು ಹೆಚ್ಚಿಗೆ ಬಿದ್ದಿರುತ್ತೆ. ಇಂಗ್ಲಿಷಲ್ಲಿ ಎಣಿಸಿ. ಒನ್, ಟೂ. ಚಿಕ್ಕದು, ಚುರುಕು."

"ನಾನು ಎಣಿಸೋದು ಬಾಯಲ್ಲಿ ಸಾರ್, ಅಳೆಯೋದು ಕೈಯಲ್ಲಿ."

"ಹೇಳಿದ್ದು ಮಾಡಿ."

ಮಾಡಿದರು. ಒನ್, ಟೂ, ತ್ರೀ, ಫೋರ್. ಅಷ್ಟೇ ಚೆಲ್ಲಿತು. ಹಠ, ಅಂತ ತೀರ್ಮಾನ ಮಾಡಿದೆ. ಒಕ್ಕಲು ಮಕ್ಕಳ ಕೊಸರು ಬುದ್ಧಿ, ಅಳೆದ ಮೇಲೆ ಒಂದು ಹಿಡಿ ಮೇಲೆ ಹಾಕದಿದ್ದರೆ ಕೈಗೆ ಸಮಾಧಾನವಿಲ್ಲ, ಅಂತ ಮಾಲೀಕರ ಹತ್ತಿರ ಹೇಳಿಕೊಂಡು ನಕ್ಕೆ. ನಾನೂ ಒಕ್ಕಲು ಮಗನೇ ಅನ್ನುವುದು ಆಗ ನೆನಪಿಗೆ ಬರಲಿಲ್ಲ.

ಅಲ್ಲಿಂದ ಮೂರು ವಾರ ಇದೇ ರಾಮಾಯಣ. ಶ್ರಾವಣದ ಮಳೆ ಕಿಟಕಿಗೆ ಹೊಡೆಯುತ್ತಿತ್ತು, ತಲೆಯ ಮೇಲೆ ಐದು ನಿಮಿಷಕ್ಕೊಂದು ವಿಮಾನ ಗುಡುಗುತ್ತಿತ್ತು, ಒಳಗೆ ನಾನು ಜಾಸ್ತಿ, ಜಾಸ್ತಿ ಅಂತ ಕೂಗುತ್ತಿದ್ದೆ. ಹುಡುಗರೆಲ್ಲ ಒಬ್ಬೊಬ್ಬರಾಗಿ ನನ್ನ ಮೆಷರಿಗೆ ಕೈ ಹೊಂದಿಸಿಕೊಂಡರು. ಬಾಟಲಿ ತಿರುಗಿಸಿ ಹಿಡಿಯುವುದು, ಶೇಕರ್ ಕುಲುಕುವುದು, ಗಿರಾಕಿ ಹತ್ತಿರ ಮಾತಾಡುವುದು, ಎಲ್ಲದರಲ್ಲೂ ಭಾಗ್ಯಮ್ಮ ಚೆನ್ನಾಗಿಯೇ ಮಾಡುತ್ತಿದ್ದರು. ಅಳತೆಗೆ ಬಂದರೆ ಮಾತ್ರ ನಾವಿಬ್ಬರೂ ಕೊಂಬಿಗೆ ಕೊಂಬು.

ಒಂದು ಮಧ್ಯಾಹ್ನ ಪಾಠದ ನಡುವೆಯೇ ಬಾಟಲಿ ಕೌಂಟರಿನ ಮೇಲಿಟ್ಟು ಹೇಳಿಬಿಟ್ಟರು. "ಸಾರ್, ನೀವು ನನಗೆ ಏನೂ ಕಲಿಸ್ತಿಲ್ಲ. ನನ್ನ ಕೈ ಕೆಡಿಸ್ತಾ ಇದ್ದೀರಿ."

ಇಪ್ಪತ್ತು ವರ್ಷದಲ್ಲಿ ಯಾರೂ ನನ್ನ ಮುಂದೆ ಇಂಥ ಮಾತು ಆಡಿರಲಿಲ್ಲ. "ಇಷ್ಟ ಇಲ್ಲ ಅಂದ್ರೆ ಬಾಗಿಲು ತೆಗೆದೇ ಇದೆ," ಅಂದೆ.

ಹೋಗಲಿಲ್ಲ. ಸಂಜೆ ನಾನು ಬೀಗ ಹಾಕಿ ಇಳಿಯುವಾಗ ಮೆಟ್ಟಿಲ ಮೇಲೆ ಮಳೆ ನಿಲ್ಲಲೆಂದು ಕಾಯುತ್ತ ನಿಂತಿದ್ದರು. ಮುಖ ತಿರುಗಿಸಿಕೊಂಡು ಹೋಗುವ ಹಾಗಿರಲಿಲ್ಲ, ಮಳೆ ನನ್ನನ್ನೂ ಹಿಡಿದು ನಿಲ್ಲಿಸಿತ್ತು. ಅವರೇ ಮಾತು ತೆಗೆದರು.

"ಸಾರ್, ನಾನು ಮನೇಲಿ ಜ್ಯೂಸು ಮಾಡೋ ಕೋರ್ಸು ಅಂತ ಹೇಳಿದ್ದೀನಿ. ನಮ್ಮ ಯಜಮಾನ್ರಿಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ಕೋರ್ಸು ಮುಗಿಯೋದ್ರೊಳಗೆ ಕೆಲಸ ಸಿಕ್ಕಿದ್ರೆ ಅತ್ತೆಗೆ ನಾನೇ ಹೇಳ್ತೀನಿ ಅಂದವ್ರೆ. ಸಿಕ್ಕಿಲ್ಲ ಅಂದ್ರೆ ಗಾರ್ಮೆಂಟ್ಸಿಗೆ ಹೋಗ್ಬೇಕು, ಹಂಗಂತ ಮಾತಾಗೈತೆ."

"ಗಾರ್ಮೆಂಟ್ಸಲ್ಲಿ ಏನು ತೊಂದರೆ? ಎಷ್ಟೋ ಜನ ಹೋಗ್ತಾರೆ."

"ಮದುವೆಯಾದ ಹೊಸದ್ರಲ್ಲಿ ಎರಡು ವರ್ಷ ಹೋಗಿದ್ದೀನಿ ಸಾರ್. ಅಲ್ಲಿ ಒಂದೇ ತೋಳು ಹೊಲಿಯೋದು, ದಿನಾ ಅದೇ ತೋಳು. ಬಾತ್ರೂಮಿಗೆ ಹೋಗೋಕೆ ಟೋಕನ್ನು. ಡೈರೀಲಿ ಹಂಗಲ್ಲ. ಭಾಗ್ಯಮ್ಮ ಅಳೆದದ್ದಾ, ಹಂಗಾದ್ರೆ ಸರಿ ಬಿಡು, ಅನ್ನೋರು. ಆ ಮಾತು ಕೇಳ್ಕೊಂಡು ಕೆಲಸ ಮಾಡೋದು ಅಭ್ಯಾಸ ಆಗೋಗೈತೆ."

ನನಗೆ ಕನಿಕರವಾಯಿತು. ನಿಜವಾಗಿಯೂ ಆಯಿತು. ಮಾರನೆಯ ದಿನ ನಂದಿ ದಾರಿಯ ಒಂದು ಹೊಸ ರೆಸಾರ್ಟಿನವರು ಆರು ಜನರ ಹೆಸರು ಕೇಳಿದಾಗ, ಪಟ್ಟಿಯಲ್ಲಿ ಆರನೆಯದಾಗಿ ಭಾಗ್ಯಮ್ಮನ ಹೆಸರನ್ನೂ ಬರೆದು ಕಳಿಸಿದೆ. ಹದಿನೈದು ದಿನ ಬಿಟ್ಟು ಟ್ರಯಲ್, ಅಲ್ಲಿಯೇ ಸುರಿಸಿ ನೋಡಿ ಆರಿಸಿಕೊಳ್ಳುತ್ತಾರೆ. ಕೋರ್ಸು ಮುಗಿಯುವ ಮೊದಲು ಸಿಗುವ ಅವಕಾಶ ಅದೊಂದೇ. "ನಾನು ನಿಮ್ಮ ಮೇಲೆ ಭರವಸೆ ಇಟ್ಟಿದ್ದೀನಿ, ಕೈ ತಿದ್ಕೊಳ್ಳಿ," ಅಂದೆ. ಉಪಕಾರ ಮಾಡಿದವನ ದನಿಯಲ್ಲೇ ಅಂದಿರಬೇಕು.

"ತಿದ್ಕೊಳ್ಳೋಕೆ ಮುಂಚೆ ಒಂದು ಸಲ ನೋಡ್ಬೇಕು ಸಾರ್," ಅಂದರು. ಏನು ನೋಡಬೇಕು ಅಂತ ನಾನು ಕೇಳಲಿಲ್ಲ.

ಗೌರಿ ಹಬ್ಬದ ರಜೆ ಮುಗಿಸಿ ಬಂದ ದಿನ ಭಾಗ್ಯಮ್ಮನ ಕೈಚೀಲದಲ್ಲಿ ಒಂದು ಅಲ್ಯೂಮಿನಿಯಂ ಅಳತೆ ಇತ್ತು. ನೂರು ಎಂಎಲ್‌ನದು. ಡೈರಿಯಲ್ಲಿ ಬಿಡಿ ಹಾಲು ಮಾರುವುದಕ್ಕೆ ಇಟ್ಟಿದ್ದ ಹಳೆಯ ಸೆಟ್ಟಿನಿಂದ ಕೇಳಿ ತಂದಿದ್ದರು. ಮೊದಲು ಅದನ್ನು ತಿರುಗಿಸಿ ಬುಡದ ಮುದ್ರೆಯನ್ನು ಎಲ್ಲರಿಗೂ ತೋರಿಸಿದರು. ಆಮೇಲೆ ನನ್ನ ಮೆಷರು ಕೇಳಿದರು. ಕೊಡುವುದಿಲ್ಲ ಅನ್ನಲು ಕಾರಣ ಹೊಳೆಯಲಿಲ್ಲ, ಕೊಟ್ಟೆ.

"ಇದು ಮೂವತ್ತು ಅಂದ್ರೆ, ಇದ್ರಲ್ಲಿ ಹತ್ತು ಸಲ ಅಳೆದ್ರೆ ಮುನ್ನೂರು. ಅಲ್ವಾ ಸಾರ್? ಅಂದ್ರೆ ಈ ನೂರರದ್ದು ಮೂರು ಸಲ ತುಂಬ್ಬೇಕು."

ವೋಡ್ಕಾ ಬಾಟಲಿ ತೆಗೆದುಕೊಂಡು ಸ್ಟೀಲ್ ಜಗ್ಗಿಗೆ ಅಳೆದು ಹಾಕಿದರು. ಪ್ರತಿ ಸಲವೂ ನನ್ನ ಮೆಷರನ್ನು ಕಂಠದವರೆಗೆ, ನೀರು ಉಬ್ಬಿ ನಿಲ್ಲುವಷ್ಟು ತುಂಬಿದರು. ಲಾಭ, ಎರಡು, ಮೂರು, ಅಂತ ಹತ್ತರವರೆಗೆ. ಈ ಸಲ ಹುಡುಗರು ನಗಲಿಲ್ಲ. ಆಮೇಲೆ ಜಗ್ಗಿನ ನೀರನ್ನು ನೂರರ ಅಳತೆಗೆ ಬಗ್ಗಿಸಿದರು. ಒಂದು ತುಂಬಿತು. ಎರಡು ತುಂಬಿತು. ಮೂರನೆಯದಕ್ಕೆ ಜಗ್ಗು ಪೂರ್ತಿ ಬೋರಲು ಹಾಕಿ, ತಳ ತಟ್ಟಿದರು. ಅಳತೆ ಮುಕ್ಕಾಲೂ ತುಂಬಲಿಲ್ಲ.

ಭಾಗ್ಯಮ್ಮ ನನ್ನ ಮೆಷರಿನೊಳಗೆ ಬೆರಳು ಹಾಕಿ ತಳ ಸವರಿದರು. "ಇಲ್ಲಿ ತಳ ಒಳಕ್ಕೆ ಒತ್ತವ್ರೆ ಸಾರ್. ಹೊರಗಡೆಯಿಂದ ಇನ್ನೊಂದು ತಗಡು ಕೂರಿಸವ್ರೆ, ಅದಕ್ಕೆ ಕಾಣಲ್ಲ. ಹಾಲು ಮಾರೋರು ಮಾಡ್ತಾರೆ ಹಿಂಗೆ."

ನೆಲಮಂಗಲದ ಯಜಮಾನರ ಮುಖ ಕಣ್ಣ ಮುಂದೆ ಬಂತು. ನನ್ನ ಕೈ ಮೆಚ್ಚಿದ ಮುಖ. ಹನ್ನೆರಡು ಜನ ನನ್ನನ್ನು ನೋಡುತ್ತಿದ್ದರು. ಆ ಹೊತ್ತಿನಲ್ಲಿ ಹೌದಲ್ಲಮ್ಮಾ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಟ್ರಯಲ್‌ಗೆ ಇನ್ನೂ ಆರು ದಿನ ಇತ್ತು, ಎಲ್ಲರ ಕೈಯನ್ನೂ ತಿದ್ದಬಹುದಿತ್ತು. ನನ್ನ ಬಾಯಿಂದ ಬಂದ ಮಾತು ಇದು:

"ಹಾಲಿನ ಅಳತೆಯೇ ಬೇರೆ, ಲಿಕ್ಕರಿನ ಅಳತೆಯೇ ಬೇರೆ."

"ನೀರಲ್ವಾ ಸಾರ್ ಇದು?" ಅಂದರು ಭಾಗ್ಯಮ್ಮ. ಗೇಲಿ ಮಾಡಲಿಲ್ಲ, ನಿಜವಾಗಿಯೇ ಕೇಳಿದರು. ಅದೇ ನನ್ನನ್ನು ಇನ್ನೂ ಉರಿಸಿತು.

"ರೀ, ಸಾಕು ನಿಲ್ಸಿ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ಕೊಂಡ್ ಬಂದೋನ್ಗೆ ನೀವು ಹೇಳ್ಕೊಡ್ತೀರಾ? ಮೇಷ್ಟ್ರು ಅನ್ನೋ ಮರ್ಯಾದೆ ಐತಾ ನಿಮಗೆ?" ನನ್ನ ನಾಲಗೆ ಮಧುರೆಯ ಮಾತಿಗೆ ಮರಳಿಬಿಟ್ಟಿತ್ತು. ಮೆಷರು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡೆ. ಅದೇ ದಿನ ಕೂತು ರೆಸಾರ್ಟಿಗೆ ಮೇಲ್ ಕಳಿಸಿದೆ. ಪಟ್ಟಿಯ ಆರನೆಯ ಹೆಸರನ್ನು ಕೈಬಿಡಲಾಗಿದೆ, ಕಾರಣ ಅಶಿಸ್ತು.

ಮಾರನೆಯ ದಿನ ಬೆಳಿಗ್ಗೆ ವಿಷಯ ಹೇಳಿದಾಗ ಭಾಗ್ಯಮ್ಮ ಕೂಗಾಡಲಿಲ್ಲ. "ಅಶಿಸ್ತು ಅಂತ ಬರೆದ್ರಾ?" ಅಂತ ಎರಡು ಸಲ ಕೇಳಿದರು. ಡೈರಿಯ ಅಳತೆಯನ್ನು ಸೀರೆಯ ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು. ಮಾಲೀಕರು ಕೇಳಿದಾಗ, ತಲೆಹರಟೆ ಹೆಂಗಸು ಸಾರ್, ಒಳ್ಳೇದಾಯ್ತು ಬಿಡಿ, ಅಂದೆ.

ಇನ್ನೂ ಐದು ದಿನ ಇತ್ತಲ್ಲ, ಆಗಲಾದರೂ ಮೆಡಿಕಲ್ ಶಾಪಿನಿಂದ ಔಷಧಿಯ ಅಳತೆ ಮುಚ್ಚಳ ತಂದು ನೋಡಬಹುದಿತ್ತಲ್ಲವೇ ಅಂತ ನೀವು ಕೇಳಬಹುದು. ತಂದಿದ್ದೆ. ಎರಡನೆಯ ದಿನವೇ ತಂದು, ಬಾಗಿಲು ಹಾಕಿಕೊಂಡು ನೋಡಿದ್ದೆ. ನನ್ನ ಮೆಷರಿನ ನೀರು ಇಪ್ಪತ್ತೈದರ ಗೆರೆ ಸ್ವಲ್ಪ ದಾಟಿ, ಮೂವತ್ತರ ಗೆರೆ ಮುಟ್ಟದೆ ನಿಂತಿತು. ಮುಚ್ಚಳವೇ ಸರಿಯಿಲ್ಲ ಅಂತ ಕಿಟಕಿಯಿಂದ ಆಚೆ ಎಸೆದೆ.

ಟ್ರಯಲ್ ದಿನ ಐದು ಜನರನ್ನು ಕರೆದುಕೊಂಡು ಹೋದೆ. ಮೋಡ ಮುಸುಕಿ ಬೆಟ್ಟ ಕಾಣುತ್ತಿರಲಿಲ್ಲ. ರೆಸಾರ್ಟಿನ ಬಾರು ಮ್ಯಾನೇಜರು ಮಂಗಳೂರಿನ ಕಡೆಯವರು, ನನಗಿಂತ ಚಿಕ್ಕವರು, ಬಹಳ ಮರ್ಯಾದೆಯ ಮನುಷ್ಯ. ಹುಡುಗರು ಕೈಯಳತೆಯಲ್ಲಿ ಸುರಿದದ್ದನ್ನು ಅವರು ಗೆರೆ ಕೊರೆದ ಗಾಜಿನ ಕೊಳವೆಗೆ ಹಾಕಿ ನೋಡುತ್ತ ಹೋದರು. ಮೊದಲನೆಯವನದು ಇಪ್ಪತ್ತೇಳು. ಎರಡನೆಯವನದು ಇಪ್ಪತ್ತೇಳು. ಹೊಸಕೋಟೆಯ ಹುಡುಗಿಯದೂ ಇಪ್ಪತ್ತೇಳು. ಐದೂ ಆದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಐದು ಜನ ಐದು ಥರ ತಪ್ಪಿದ್ದರೆ ಮಕ್ಕಳ ತಪ್ಪು ಅಂತ ಹೇಳಬಹುದಿತ್ತು ಸರ್. ಐವರದೂ ಒಂದೇ ತಪ್ಪು. ಇದು ಕಲಿಸಿದ ತಪ್ಪು. ಗಿರಾಕಿಗೆ ಕಡಿಮೆ ಹಾಕುವ ಕೈಯನ್ನು ನಾನು ತೆಗೆದುಕೊಳ್ಳಲಿಕ್ಕೆ ಆಗುವುದಿಲ್ಲ."

ಹುಡುಗರು ದೂರದಲ್ಲಿ ಸಾಲಾಗಿ ನಿಂತು, ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಗುನಗುತ್ತ ಇದ್ದರು. ತಾವು ಚೆನ್ನಾಗಿ ಮಾಡಿದೆವು ಅಂದುಕೊಂಡಿದ್ದರು.

"ಸರ್, ಇನ್ನೊಬ್ಬರಿದ್ದಾರೆ," ಅಂದೆ. ಮಾತು ತಾನಾಗಿ ಹೊರಬಂತು. "ಅವರ ಅಳತೆ ಸರಿಯಿದೆ."

ಅವರು ಫೋನಿನಲ್ಲಿ ಮೇಲ್ ತೆಗೆದು ನೋಡಿದರು. "ಇವರನ್ನು ಅಶಿಸ್ತು ಅಂತ ನೀವೇ ತೆಗೆದಿದ್ದೀರಿ. ನನಗೆ ಒಬ್ಬರು ಬೇಕು, ಹೆಂಗಸರಾದರೆ ಇನ್ನೂ ಒಳ್ಳೆಯದು. ಶನಿವಾರದವರೆಗೆ ಕಾಯ್ತೇನೆ. ಆದರೆ ಯಾಕೆ ತೆಗೆದಿರಿ, ಯಾಕೆ ಮತ್ತೆ ಕಳಿಸ್ತಿದ್ದೀರಿ ಅಂತ ಒಂದು ಲೆಟರ್ ಬೇಕು. ಎಚ್ಆರ್‌ನವರು ಅಶಿಸ್ತು ಅಂತ ಇದ್ದರೆ ಒಳಗೇ ಬಿಡುವುದಿಲ್ಲ."

ಅದು ಬುಧವಾರ. ಗುರುವಾರ ಶಾಲೆಯ ಲೆಟರ್‌ಹೆಡ್‌ನಲ್ಲಿ ಬರೆದೆ. ಬರೆಯುವುದು ನನಗೆ ಕಷ್ಟವೇನಲ್ಲ. ಆದರೆ ಅವತ್ತು ನಾಲ್ಕು ಹಾಳೆ ಹಾಳಾದವು. ಕೊನೆಗೆ ಒಂದು ಸಾಲು ಕೂತಿತು: ಸದರಿ ವಿದ್ಯಾರ್ಥಿನಿಯ ಹೆಸರನ್ನು ತಾಂತ್ರಿಕ ಕಾರಣಗಳಿಂದ ಕೈಬಿಡಲಾಗಿದ್ದು, ಈಗ ಮರುಸೇರಿಸಲಾಗಿದೆ. ಓದಿ ನೋಡಿದೆ. ಗೌರವವಾಗಿ ಕಂಡಿತು. ಮೊಹರು ಹಾಕಿ, ಬೈಕ್ ಹತ್ತಿ ರಾಜಘಟ್ಟಕ್ಕೆ ಹೋದೆ.

ದಾರಿಯುದ್ದಕ್ಕೂ ರಾಗಿ ಹೊಲ ಹಸಿರಾಗಿ ಮಳೆಯಲ್ಲಿ ನೆನೆಯುತ್ತಿತ್ತು. ಭಾಗ್ಯಮ್ಮನ ಮನೆ ಊರ ನಡುವೆ, ಡೈರಿಯ ಹಿಂದಿನ ಸಾಲಿನಲ್ಲಿ. ಜಗಲಿಯ ಮೇಲೆ ಅವರ ಅತ್ತೆ ಅವರೆಕಾಳು ಆರಿಸುತ್ತ ಕೂತಿದ್ದರು. ಯಾರು ಅಂತ ಕೇಳಿದರು, ಮೇಷ್ಟ್ರು ಅಂದೆ.

"ಜ್ಯೂಸು ಮೇಷ್ಟ್ರಾ? ಬಾರಪ್ಪ, ಕೂತ್ಕೋ. ಅದೇನು ಅರ್ಧಕ್ಕೇ ಬಿಟ್ಬಿಟ್ಲು ನಮ್ಮ ಹುಡುಗಿ? ಕೇಳಿದ್ರೆ ಹೇಳಲ್ಲ. ಊಟನೂ ಸರಿಯಾಗಿ ಮಾಡ್ತಿಲ್ಲ."

ಭಾಗ್ಯಮ್ಮ ಒಳಗಿನಿಂದ ಬಂದು, ಅತ್ತೆಯ ಕಡೆ ಒಮ್ಮೆ ನೋಡಿ, ನನ್ನನ್ನು ಹಿತ್ತಲ ಕಡೆ ಕರೆದುಕೊಂಡು ಹೋದರು. ಹುಡುಗರ ವಿಷಯ ಹೇಳಿದೆ. "ಅಯ್ಯೋ, ಐದೂ ಜನಾನಾ," ಅಂದರು. ಅವರ ಮುಖದಲ್ಲಿ ಗೆದ್ದ ಕಳೆ ಒಂದಿಷ್ಟೂ ಕಾಣಲಿಲ್ಲ. ಕಂಡಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಕಾಗದ ಕೊಟ್ಟೆ. ನಿಂತಲ್ಲೇ ಬೆರಳಿಟ್ಟುಕೊಂಡು ಓದಿದರು. ಮತ್ತೊಂದು ಸಲ ಓದಿದರು.

"ತಾಂತ್ರಿಕ ಕಾರಣ ಅಂದ್ರೆ ಯಾರು ಸಾರ್?"

ಏನು ಅಂತ ಕೇಳಲಿಲ್ಲ. ಯಾರು ಅಂತ ಕೇಳಿದರು.

"ಅದು ಆಫೀಸ್ ಭಾಷೆ ಭಾಗ್ಯಮ್ಮ. ಎಲ್ಲ ಕಡೆ ಹಾಗೇ ಬರೆಯೋದು. ಕೆಲಸ ಆದ್ರೆ ಸಾಕಲ್ವಾ?"

"ಅವ್ರು ನನ್ನ ಕೂರಿಸ್ಕೊಂಡು, ಏನಮ್ಮಾ ಅಶಿಸ್ತು ಮಾಡಿದ್ದೆ ಅಂತ ಕೇಳ್ತಾರೆ. ನಾನು ಇದ್ದಿದ್ದು ಇದ್ದಂಗೆ ಹೇಳ್ಬೇಕು. ಕಾಗದದಲ್ಲಿ ಹಂಗಿಲ್ವಲ್ಲ ಅಂತಾರೆ. ಮೇಷ್ಟ್ರ ಮೇಲೆ ಚಾಡಿ ಹೇಳ್ತಾಳೆ ಅಂತಾರೆ. ಹೋದ ದಿನಾನೇ ಸುಳ್ಳುಗಾತಿ ಅನ್ನಿಸ್ಕೊಂಡು ನಾನು ಅಲ್ಲಿ ಅಳೆಯೋದು ಹೆಂಗೆ ಸಾರ್?"

ಅವರು ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ನನ್ನ ಕೈಗೆ ಕೊಟ್ಟರು.

"ನನ್ನ ಅಳತೆ ಸರಿಯಿತ್ತು, ನಿಮ್ಮ ಮೆಷರು ತಪ್ಪಿತ್ತು. ಇಷ್ಟು ಬರೀರಿ ಸಾರ್. ಒಂದೇ ಸಾಲು. ನಾಳೇನೇ ಹೋಗ್ತೀನಿ. ಅತ್ತೆಗೂ ಇವತ್ತೇ ಹೇಳ್ತೀನಿ."

"ಆಯ್ತಮ್ಮಾ, ನಾಳೆ ತರ್ತೀನಿ," ಅಂದೆ. ಅತ್ತೆ ಕೊಟ್ಟ ಕಾಫಿ ಕುಡಿದು ಬಂದೆ.

ಶುಕ್ರವಾರ ಪಾಠಕ್ಕೆ ರಜೆ ಹೇಳಿ, ಬೆಳಿಗ್ಗೆಯಿಂದ ಆ ಖಾಲಿ ಶಾಲೆಯಲ್ಲಿ ಕೂತಿದ್ದೆ. ಭಾಗ್ಯಮ್ಮನ ಅಳತೆ ಸರಿಯಿತ್ತು ಅಂತ ಬರೆದೆ. ಅಲ್ಲಿಯವರೆಗೆ ಪೆನ್ನು ಓಡಿತು. ಮುಂದಿನ ಅರ್ಧ ಸಾಲಿಗೆ ಬಂದಾಗ, ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡವರೆಲ್ಲ ಸಾಲಾಗಿ ಬಂದು ನಿಂತರು. ಇಪ್ಪತ್ತು ವರ್ಷ, ದಿನಕ್ಕೆ ಎಷ್ಟೋ ಜನ, ಒಬ್ಬೊಬ್ಬರಿಗೂ ಮೂರು ಎಂಎಲ್ ಕಡಿಮೆ. ಬೆನ್ನು ತಟ್ಟಿದ ಮ್ಯಾನೇಜರುಗಳು, ಒಳ್ಳೆಯ ಕೈ ಅಂತ ಹೊಗಳಿದ ಗಿರಾಕಿಗಳು. ಆ ಅರ್ಧ ಸಾಲು ಬರೆದರೆ ಅದೆಲ್ಲಕ್ಕೂ ಸಹಿ ಹಾಕಿದ ಹಾಗೆ. ಒಂದು ಸಾಲಿನ ಕಾಗದ ಅಂತ ಭಾಗ್ಯಮ್ಮ ಸುಲಭವಾಗಿ ಹೇಳಿಬಿಟ್ಟಿದ್ದರು. ಹರಿದು ಹಾಕಿದೆ. ಸಾಯಂಕಾಲದವರೆಗೆ ಬರೆದೆ, ಹರಿದೆ. ಅವರ ಫೋನು ಎರಡು ಸಲ ಬಂತು. ಎತ್ತಲಿಲ್ಲ.

ಶನಿವಾರ ಮಧ್ಯಾಹ್ನ ರೆಸಾರ್ಟಿನ ಮ್ಯಾನೇಜರು ಫೋನ್ ಮಾಡಿದರು. ಆ ಹೆಂಗಸು ಬರುತ್ತಾರೆಯೇ, ಲೆಟರ್ ಕಳಿಸುತ್ತೀರಾ ಅಂತ ಕೇಳಿದರು.

"ಇಲ್ಲ ಸರ್, ಬರೋಕಾಗಲ್ಲ," ಅಂದೆ.

"ಯಾಕೆ, ಏನಾಯ್ತು?"

"ಏನೋ ತಾಂತ್ರಿಕ ಕಾರಣ ಸರ್," ಅಂದೆ.

ಸರಿ ಅಂತ ಅವರು ಫೋನ್ ಇಟ್ಟರು. ಸೋಮವಾರದಿಂದ ಭಾಗ್ಯಮ್ಮ ಬೆಳಿಗ್ಗೆ ಏಳು ಗಂಟೆಗೆ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಿದ್ದಾರೆ ಅಂತ ಕೇಳಿದೆ.